ಪ್ರಸಾದಕ್ಕೆ ಯೋಗ್ಯರು ಯಾರು? ಮೈಸೂರು ಮಿಷನ್ನಿನ ಚರಿತ್ರೆಯಲ್ಲಿ ಪರಮಪ್ರಸಾದ ಹಾಗೂ ಮಡಿಮೈಲಿಗೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಜನಪದ ಆಚರಣೆಗಳ ಅಧ್ಯಯನಕ್ಕೆ ತೊಡಗಿದವರಿಗೆ ‘ಪ್ರಸಾದ’ ಎಂಬ ಮಾತು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಪ್ರಸಾದವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು? ಹರಿಸೇವೆಯ ಎಡೆಗೆ ಮುಂಚೆ ಮಡಿಯಾಗಬೇಕು. ದೇವರಿಗೆಂದು ತೆಗೆದಿಟ್ಟ ಮೀಸಲನ್ನು ಮೈಲಿಗೆಯ ಕೈ ಸೋಕಬಾರದು. ಸಾವಿನ ಮನೆಯವರು ಸೂತಕ ಕಳೆಯುವವರೆಗೆ ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು ಹಾಗೂ ಬಾಣಂತಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಬೇಕೆಂಬ ಕಟ್ಟಳೆ ಬಹುಕಾಲ ನಡೆದುಬಂದಿದೆ. ಹಟ್ಟಿಯೇ ದೇವರ ನೆಲೆ ಎಂಬ ಭಾವನೆ ಅದರ ಹಿಂದಿದೆ. ಒಟ್ಟಿನಲ್ಲಿ ಯೋಗ್ಯತೆ ಎಂಬುದು ಇಲ್ಲಿ ಮೊದಲಿಗೆ ಮೈಗೆ, ಹುಟ್ಟಿಗೆ, ದಿನಗಳ ಲೆಕ್ಕಕ್ಕೆ ಸಂಬಂಧಿಸಿದ್ದು.

ಇದೇ ಸೀಮೆಯ ಅಂಚಿನಲ್ಲಿ ಬೇರೊಂದು ವಿಚಾರಧಾರೆಯೂ ಇದೆ. ಎಡೆಯೂರು ಆಡಳಿತದ ಲೆಕ್ಕದಲ್ಲಿ ಕುಣಿಗಲ್ ತಾಲ್ಲೂಕಿಗೆ ಸೇರಿದ್ದರೂ ತುರುವೇಕೆರೆಯವರಿಗೆ ಅದು ನೆರೆಮನೆಯಂತಹ ಕ್ಷೇತ್ರ. ಅಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಷಟ್‍ಸ್ಥಲಗಳಲ್ಲಿ ‘ಪ್ರಸಾದಿ’ ಮೂರನೆಯ ಸ್ಥಲ. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ವೀರಶೈವ ಧರ್ಮದ ಪ್ರಸಿದ್ಧ ನಿಲುವು. ಪ್ರಸಾದಕ್ಕೆ ಮೈಲಿಗೆ ತಟ್ಟದು. ಪಡೆಯುವವನಲ್ಲಿ ಬೇಕಾದುದು ದೀಕ್ಷೆ ಮತ್ತು ಭಾವ. ಆಚರಣೆಯಲ್ಲಿ ಈ ತತ್ವ ಎಷ್ಟರಮಟ್ಟಿಗೆ ಉಳಿಯಿತೆಂಬುದನ್ನು ಹಳ್ಳಿಗಳ ಬದುಕನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ತತ್ವ ಬಿಟ್ಟ ಸೂತಕವನ್ನು ರೂಢಿ ಮತ್ತೆ ಮನೆಯೊಳಕ್ಕೆ ಕರೆದುಕೊಂಡಿತು.

ಕನ್ನಡ ಕಥೋಲಿಕ ಕ್ರೈಸ್ತರ ಧಾರ್ಮಿಕ ಪರಿಭಾಷೆಯಲ್ಲಿಯೂ ‘ಪ್ರಸಾದ’ವೇ ಕೇಂದ್ರಪದವಾಗಿರುವುದು ಗಮನಾರ್ಹ. ಬಲಿಪೂಜೆಯಲ್ಲಿ ವಿತರಿಸುವ, ಕ್ರಿಸ್ತನ ಶರೀರವೆಂದು ನಂಬಲಾಗುವ ಹುಳಿಯಿಲ್ಲದ ಗೋಧಿಯ ತೆಳುರೊಟ್ಟಿಯನ್ನು ಸ್ವೀಕರಿಸುವುದಕ್ಕೆ ‘ಪರಮಪ್ರಸಾದ’ವೆಂದು ಹೆಸರು. ದೇವರ ಅನುಗ್ರಹಕ್ಕೆ ‘ವರಪ್ರಸಾದ’ವೆಂದು ಹೆಸರು. ಪದವೊಂದು ಒಂದು ಧರ್ಮದಿಂದ ಇನ್ನೊಂದಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ತನ್ನ ಸುತ್ತಲಿನ ಕಟ್ಟಳೆಗಳನ್ನೂ ಅಷ್ಟಿಷ್ಟು ಹೊತ್ತೊಯ್ಯುತ್ತದೆ. ಪರಮಪ್ರಸಾದಕ್ಕೆ ಬೇಕಾದ ಯೋಗ್ಯತೆಯ ಬಗ್ಗೆ ಕಥೋಲಿಕ ಧರ್ಮಸಭೆ ಹೇಳಿದ್ದೇನು, ಆ ಬೋಧನೆ ಮೈಸೂರು ಸೀಮೆಯ ಮಡಿಮೈಲಿಗೆಯ ನೆಲದ ಮೇಲೆ ಬಿದ್ದಾಗ ಆದದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಮೈಸೂರು ಮಿಷನ್ನಿನ ಮುಖ್ಯ ನೆಲೆ ಶ್ರೀರಂಗಪಟ್ಟಣವೇ ಹೊರತು ನಮ್ಮ ತೆಂಗಿನ ಸೀಮೆಯಲ್ಲ; ಆದರೆ ಆ ಮಿಷನ್ನು ಎದುರಿಸಿದ ಪ್ರಶ್ನೆ ಈ ಸೀಮೆಯದೂ ಹೌದು.

ಬೋಧನೆಯ ಬೇರು ಸಂತ ಪೌಲನು ಕ್ರಿ.ಶ. 55ರ ಆಸುಪಾಸಿನಲ್ಲಿ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿದೆ. ಅಯೋಗ್ಯವಾಗಿ ಆ ರೊಟ್ಟಿಯನ್ನು ತಿಂದು ಪಾತ್ರೆಯಿಂದ ಕುಡಿಯುವವನು ಪ್ರಭುವಿನ ಶರೀರಕ್ಕೂ ರಕ್ತಕ್ಕೂ ಅಪರಾಧಿಯಾಗುತ್ತಾನೆ, ಆದ್ದರಿಂದ ಪ್ರತಿಯೊಬ್ಬನೂ ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಎಂಬುದು ಆ ಪತ್ರದ ಹನ್ನೊಂದನೆಯ ಅಧ್ಯಾಯದ ತಾತ್ಪರ್ಯ. ಮುಂದಿನ ಎಲ್ಲ ಶಾಸನಗಳೂ ಇದನ್ನೇ ಆಧರಿಸಿವೆ. ಆದರೆ ಪೌಲನಿಗೆ ಈ ಮಾತು ಹೇಳಬೇಕಾಗಿ ಬಂದದ್ದೇಕೆ ಎಂಬುದನ್ನು ಅನೇಕರು ಮರೆಯುತ್ತಾರೆ. ಕೊರಿಂಥದಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮ ಊಟವನ್ನು ಮೊದಲೇ ಮಾಡಿ ಮುಗಿಸುತ್ತಿದ್ದರು. ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿದ ಅಮಲು. ಬಡವರನ್ನು ಹೀಗೆ ನಾಚಿಸುವುದು ದೇವರ ಸಭೆಯನ್ನೇ ತಿರಸ್ಕರಿಸಿದಂತೆ ಎಂದು ಪೌಲನು ಗದರಿಸುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಅಯೋಗ್ಯತೆ’ಯ ಮೊದಲ ಉದಾಹರಣೆ ಪಂಕ್ತಿಭೇದ. ಕನ್ನಡ ನಾಡಿನಲ್ಲಿ ನಿಂತು ಈ ಪತ್ರವನ್ನು ಓದುವವರಿಗೆ ಇದಕ್ಕಿಂತ ಹತ್ತಿರದ ವಿಷಯವಿಲ್ಲ.

ಧರ್ಮಸಭೆಯ ಕಾನೂನು ಕಾಲಕ್ರಮದಲ್ಲಿ ಖಚಿತಗೊಂಡಿತು. 1215ರ ನಾಲ್ಕನೆಯ ಲ್ಯಾಟರನ್ ಸಭೆಯು ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ, ಪಾಸ್ಖ ಹಬ್ಬದ ಸಮಯದಲ್ಲಿ ಪರಮಪ್ರಸಾದ ಪಡೆಯಬೇಕೆಂದು ವಿಧಿಸಿತು. 1551ರ ಅಕ್ಟೋಬರ್ 11ರಂದು ಟ್ರೆಂಟ್ ಮಹಾಸಭೆಯ ಹದಿಮೂರನೆಯ ಅಧಿವೇಶನವು, ಮಾರಕ ಪಾಪದ ಅರಿವುಳ್ಳವನು ತನಗೆಷ್ಟೇ ಪಶ್ಚಾತ್ತಾಪವಿದೆಯೆಂದು ತಿಳಿದರೂ ಪಾಪನಿವೇದನೆ ಮಾಡದೆ ಪ್ರಸಾದಕ್ಕೆ ಬರಕೂಡದೆಂದು ಘೋಷಿಸಿತು. ಅದೇ ಅಧಿವೇಶನವು ಪ್ರಸಾದ ಸ್ವೀಕಾರದಲ್ಲಿ ಮೂರು ಬಗೆಗಳನ್ನು ಗುರುತಿಸಿತು: ಪಾಪಿಯು ಬಾಯಿಂದ ಮಾತ್ರ ಪಡೆಯುತ್ತಾನೆ; ಪ್ರಸಾದ ದೊರೆಯದಿದ್ದರೂ ಶ್ರದ್ಧೆಯಿಂದ ಹಂಬಲಿಸುವವನು ಆತ್ಮದಲ್ಲಿ ಪಡೆಯುತ್ತಾನೆ; ಸಿದ್ಧನಾಗಿ ಬಂದವನು ಎರಡೂ ಬಗೆಯಲ್ಲಿ ಪಡೆಯುತ್ತಾನೆ. ಇಡೀ ವ್ಯವಸ್ಥೆಯಲ್ಲಿ ಹುಟ್ಟಿನ ಮಾತಿಲ್ಲ. ಕೆಡುವುದು ಮನಸ್ಸು, ಕೆಡಿಸುವುದು ತಾನೇ ಮಾಡಿದ ಕೃತ್ಯ, ಸರಿಪಡಿಸುವುದು ನಿವೇದನೆ ಮತ್ತು ಕ್ಷಮೆ. ಸ್ನಾನದಿಂದ ಹೋಗುವಂಥದ್ದಲ್ಲ, ಹಾಗೆಯೇ ಎಂದಿಗೂ ಹೋಗದಂಥದ್ದೂ ಅಲ್ಲ.

ಈ ಬೋಧನೆಯನ್ನು ಹೊತ್ತು ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ 1648-49ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದಾಗ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. ಚಿನ್ನಮಿ ಕನ್ನಡ ಕಲಿತು ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕಗಳನ್ನು ರಚಿಸಿದವರು. ಮಧುರೆಯಲ್ಲಿ 1606ರಿಂದ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟ ದಾರಿಯೇ ಇಲ್ಲಿಗೂ ಮಾದರಿಯಾಯಿತು. ಕಾವಿ ಬಟ್ಟೆ, ಸಸ್ಯಾಹಾರ, ಸಂನ್ಯಾಸಿಯ ನಡವಳಿಕೆ. ‘ಪರಂಗಿ’ ಎನಿಸಿಕೊಂಡವನಿಂದ ಯಾವ ಮರ್ಯಾದಸ್ಥನೂ ತೀರ್ಥಪ್ರಸಾದ ಮುಟ್ಟುವುದಿಲ್ಲವೆಂದು ಅರಿತ ಮಿಷನರಿಗಳು ತಮ್ಮನ್ನು ತಾವೇ ಮಡಿಯೊಳಗೆ ತಂದುಕೊಂಡರು. ಇಲ್ಲಿ ಒಂದು ವಿಪರ್ಯಾಸವಿದೆ. ಧರ್ಮಶಾಸ್ತ್ರವು ಪ್ರಸಾದ ಪಡೆಯುವವನ ಯೋಗ್ಯತೆಯನ್ನು ಕೇಳುತ್ತಿತ್ತು. ಊರು ಮಾತ್ರ ಪ್ರಸಾದ ಕೊಡುವವನ ಯೋಗ್ಯತೆಯನ್ನು ಮೊದಲು ಕೇಳಿತು. ಕೊಡುವ ಕೈ ಯಾವ ಮನೆಗಳ ಹೊಸ್ತಿಲನ್ನು ದಾಟಿದೆ ಎಂಬುದೇ ಊರಿನ ಲೆಕ್ಕ.

ಈ ಲೆಕ್ಕಕ್ಕೆ ತೆತ್ತ ಬೆಲೆ ದೊಡ್ಡದು. ಮೇಲ್ಜಾತಿಗಳ ನಡುವೆ ಓಡಾಡುವ ಗುರು ಅಸ್ಪೃಶ್ಯರ ಕೇರಿಗೆ ಬಹಿರಂಗವಾಗಿ ಹೋಗುವಂತಿರಲಿಲ್ಲ. ದಾಖಲೆಗಳು ‘ಪರಯ’ರೆಂದು ಕರೆಯುವ ದಲಿತ ಕ್ರೈಸ್ತರಿಗೆ ದೇವಾಲಯದಲ್ಲಿ ಪ್ರತ್ಯೇಕ ಸ್ಥಳ, ಕೆಲವೆಡೆ ಪ್ರತ್ಯೇಕ ದೇವಾಲಯವೇ ಇತ್ತು. ಮರಣಶಯ್ಯೆಯಲ್ಲಿರುವವನಿಗೆ ಪರಮಪ್ರಸಾದ ತಲುಪಿಸುವುದು ಕಥೋಲಿಕ ಗುರುವಿನ ಮೊದಲ ಕರ್ತವ್ಯ. 325ರ ನೈಸಿಯಾ ಸಭೆಯೇ ಸಾಯುತ್ತಿರುವವನಿಗೆ ಈ ದಾರಿಬುತ್ತಿಯನ್ನು ತಪ್ಪಿಸಕೂಡದೆಂದು ವಿಧಿಸಿತ್ತು. ಆದರೆ ರೋಗಿಯ ಗುಡಿಸಲಿನೊಳಕ್ಕೆ ಗುರು ಕಾಲಿಡದೆ ರೋಗಿಯನ್ನೇ ಹೊರಗೆ ಹೊತ್ತು ತರಿಸುತ್ತಾರೆಂಬ ದೂರು ರೋಮಿನವರೆಗೂ ಹೋಯಿತು.

ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಕಳುಹಿಸಿದ ಪ್ರತಿನಿಧಿ ಷಾರ್ಲ್ ದ ಟೂರ್ನೊನ್ 1704ರ ಜೂನ್ 23ರಂದು ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆ ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವಂಥದ್ದು. ಅದರಲ್ಲಿ ತಾಳಿ, ವಿಭೂತಿ, ಜ್ಞಾನಸ್ನಾನದ ವಿಧಿ, ಹೆಸರಿಡುವ ಕ್ರಮ ಮುಂತಾಗಿ ಅನೇಕ ವಿಷಯಗಳಿವೆ. ಚರಿತ್ರಕಾರರ ಗಮನವೆಲ್ಲ ‘ಮಲಬಾರ್ ಆಚರಣೆ’ಗಳೆಂದು ಹೆಸರಾದ ಈ ಸಂಗತಿಗಳ ಮೇಲೆಯೇ ನೆಟ್ಟಿದೆ. ನನ್ನ ದೃಷ್ಟಿಯಲ್ಲಿ ಇಡೀ ಆಜ್ಞೆಯ ಜೀವವಿರುವುದು ಒಂದೇ ವಿಧಿಯಲ್ಲಿ: ರೋಗಿ ಎಷ್ಟೇ ಕೀಳೆನಿಸಿದ ಜಾತಿಯವನಾಗಿರಲಿ, ಗುರುವು ಅವನ ಮನೆಗೇ ಹೋಗಿ ಸಂಸ್ಕಾರಗಳನ್ನು ನೀಡಬೇಕು. ತಾಳಿಯ ಮೇಲಿನ ಚಿತ್ರ ಯಾವುದಿರಬೇಕೆಂಬುದಕ್ಕಿಂತ ಈ ಹೊಸ್ತಿಲ ಪ್ರಶ್ನೆ ದೊಡ್ಡದು.

ವಿವಾದ ನಾಲ್ಕು ದಶಕ ಎಳೆಯಿತು. 1739ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಮಿಷನರಿಗಳು ಪ್ರಮಾಣವಚನ ಸ್ವೀಕರಿಸಬೇಕೆಂದು ವಿಧಿಸಿದರು. 1744ರ ಸೆಪ್ಟೆಂಬರ್ 12ರಂದು ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಅಂತಿಮ ತೀರ್ಪು ನೀಡಿದರು. ಮನೆಗೆ ಹೋಗಬೇಕೆಂಬ ನಿಯಮ ಉಳಿಯಿತು. ಅದರೊಂದಿಗೆ ಒಂದು ಹೊಂದಾಣಿಕೆಯೂ ಬಂದಿತು: ದಲಿತರ ಸೇವೆಗೆಂದೇ ಮೀಸಲಾದ ಪ್ರತ್ಯೇಕ ಮಿಷನರಿಗಳನ್ನು ನೇಮಿಸಲು ಜೆಸ್ವಿತರು ಒಪ್ಪಿದರು. ಪ್ರಸಾದ ತಪ್ಪದಂತಾಯಿತು, ಆದರೆ ಪಂಕ್ತಿ ಎರಡಾಗಿಯೇ ಉಳಿಯಿತು. ಇದನ್ನು ಕಾಲದ ಅನಿವಾರ್ಯತೆಯೆಂದು ಸಮರ್ಥಿಸುವ ವಿದ್ವಾಂಸರಿದ್ದಾರೆ. ಕೊರಿಂಥದವರಿಗೆ ಬರೆದ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಆ ಸಮರ್ಥನೆ ನಿಲ್ಲುವುದಿಲ್ಲ. 1739ರಲ್ಲಿ ವಿಧಿಸಿದ ಪ್ರಮಾಣವಚನವನ್ನು ರೋಮ್ ರದ್ದುಗೊಳಿಸಿದ್ದು 1940ರಲ್ಲಿ. ದಲಿತ ಕ್ರೈಸ್ತರ ಮೇಲಿನ ತಾರತಮ್ಯ ಧರ್ಮಸಭೆಯೊಳಗೇ ಇದೆಯೆಂದು ಭಾರತದ ಕಥೋಲಿಕ ಬಿಷಪರ ಸಮ್ಮೇಳನವು ಒಪ್ಪಿ ನೀತಿಪತ್ರ ಹೊರಡಿಸಿದ್ದು 2016ರ ಡಿಸೆಂಬರಿನಲ್ಲಿ.

ಯೋಗ್ಯತೆಯ ಪ್ರಶ್ನೆ ಮೈಸೂರು ಸೀಮೆಯಲ್ಲಿ ಇನ್ನೊಂದು ರೂಪದಲ್ಲಿ ಎದುರಾದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಅವರ ಸಂಖ್ಯೆ ಅರವತ್ತು ಸಾವಿರವೆಂದು ಅಬ್ಬೆ ದ್ಯುಬುವಾ ಬರೆದಿದ್ದಾರೆ. ಬೇರೆ ಲೇಖಕರ ಅಂಕಿಗಳು ಇದಕ್ಕಿಂತ ಹೆಚ್ಚೂ ಇವೆ, ಕಡಿಮೆಯೂ ಇವೆ. ಅನೇಕ ಪುರುಷರಿಗೆ ಬಲವಂತವಾಗಿ ಸುನ್ನತಿ ಮಾಡಿಸಿ ಮತಾಂತರಗೊಳಿಸಲಾಯಿತು. ಹದಿನೈದು ವರ್ಷ ಅವರಿಗೆ ಬಲಿಪೂಜೆಯಾಗಲಿ ಪಾಪನಿವೇದನೆಯಾಗಲಿ ಎಂದಿನಂತೆ ದೊರೆಯುವ ಸ್ಥಿತಿಯಿರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಹೆಚ್ಚಿನವರು ಕರಾವಳಿಗೆ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲೇ ನೆಲೆನಿಂತರು.

ಇಂಥವರ ನಡುವೆ ಕೆಲಸ ಮಾಡಲು ಬಂದವರು ಪ್ಯಾರಿಸ್ ವಿದೇಶ ಮಿಷನ್ನಿನ ಅಬ್ಬೆ ದ್ಯುಬುವಾ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಜಾನಪದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡದ್ದು 1807ರಲ್ಲಿ, ಇಂಗ್ಲಿಷಿನಲ್ಲಿ ಅಚ್ಚಾದದ್ದು 1816ರಲ್ಲಿ. ಅವರೂ ಹಿಂದೂ ಉಡುಪು, ಆಹಾರಗಳನ್ನೇ ಅನುಸರಿಸಿದವರು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು ಸೆರೆಯ ಕಾಲದ ಕ್ರೈಸ್ತರನ್ನು ಕುರಿತು ಕಟುವಾಗಿಯೇ ಬರೆಯುತ್ತಾರೆ: ಅಷ್ಟು ಜನರಲ್ಲಿ ಪ್ರತಿಭಟಿಸಿ ಸಾಯಲು ಮುಂದಾದವರಿಲ್ಲವೆಂಬುದು ಅವರ ಕೊರಗು. ಬೆಚ್ಚಗಿನ ಮಠದಲ್ಲಿ ಓದಿ ಬಂದವರು ಸೆರೆಯಾಳುಗಳಿಂದ ಹುತಾತ್ಮತೆಯನ್ನು ನಿರೀಕ್ಷಿಸುವುದು ಸುಲಭ. ಆದರೆ ಅದೇ ದ್ಯುಬುವಾ ಅವರನ್ನು ಮರಳಿ ಸೇರಿಸಿಕೊಳ್ಳುವ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ಹೆಚ್ಚಿನವರು ಧರ್ಮಸಭೆಗೆ ಮರಳಿದರೆಂದು ಅವರೇ ಹೇಳುತ್ತಾರೆ.

ಇಲ್ಲಿ ಎರಡು ಯೋಗ್ಯತೆಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಂದಿನ ಊರಿನ ಕಣ್ಣಿನಲ್ಲಿ ಸುನ್ನತಿಯಾದ ಮೈ, ಪರರ ಅಡುಗೆ ಉಂಡ ಬಾಯಿ ಜಾತಿಯಿಂದ ಹೊರಗೆ ಬಿದ್ದಂತೆಯೇ. ಕುಲ ಕೆಟ್ಟವನನ್ನು ಒಳಕ್ಕೆ ತೆಗೆದುಕೊಳ್ಳಲು ಕುಲದವರು ಸೇರಬೇಕು, ನಾಲಗೆ ಸುಡಿಸಬೇಕು, ದಂಡ ತೆರಬೇಕು. ಅಷ್ಟಾದರೂ ಒಪ್ಪಿಗೆ ಸಿಕ್ಕೀತೆಂಬ ಭರವಸೆಯಿಲ್ಲ. ಕಥೋಲಿಕ ಶಾಸ್ತ್ರದ ಪ್ರಕಾರ ಮೈಮೇಲಿನ ಗುರುತು ಲೆಕ್ಕಕ್ಕೇ ಇಲ್ಲ. ಒಮ್ಮೆ ಪಡೆದ ಜ್ಞಾನಸ್ನಾನ ಅಳಿಸಿಹೋಗುವುದಿಲ್ಲವಾದ್ದರಿಂದ ಅದನ್ನು ಮತ್ತೆ ಕೊಡುವಂತೆಯೂ ಇಲ್ಲ. ಬೇಕಾದುದು ನಿವೇದನೆ, ಪ್ರಾಯಶ್ಚಿತ್ತ, ಕ್ಷಮೆ. ಬಲವಂತಕ್ಕೆ ಒಳಗಾದವನ ಹೊಣೆ ಸ್ವಇಚ್ಛೆಯಿಂದ ನಡೆದವನ ಹೊಣೆಯಷ್ಟಿರುವುದಿಲ್ಲ. ಈ ಪ್ರಶ್ನೆ ಧರ್ಮಸಭೆಗೆ ಹೊಸದಾಗಿರಲಿಲ್ಲ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್‍ನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಬಲಿಯರ್ಪಿಸಿದ ಕ್ರೈಸ್ತರನ್ನು ಮತ್ತೆ ಪ್ರಸಾದಕ್ಕೆ ಸೇರಿಸಬಹುದೇ ಎಂಬ ಚರ್ಚೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ನಡೆದಿತ್ತು. ಎಂದಿಗೂ ಬೇಡವೆಂದವರೂ ಇದ್ದರು, ಕೂಡಲೇ ಸೇರಿಸಿಕೊಳ್ಳಿ ಎಂದವರೂ ಇದ್ದರು. ಬಿಷಪ್ ಸಿಪ್ರಿಯನ್ ಮತ್ತು 251ರ ಸಭೆಯವರು ಪ್ರಾಯಶ್ಚಿತ್ತದ ಬಳಿಕ ಸೇರಿಸುವ ನಡುದಾರಿಯನ್ನು ಆರಿಸಿದರು. ಶ್ರೀರಂಗಪಟ್ಟಣದ ಬಂದಿಗಳ ಪಾಲಿಗೆ ಒದಗಿದ್ದು ಆ ಹಳೆಯ ತೀರ್ಪು. ಪ್ರಸಾದ ಕಾಣದೆ ಹಂಬಲಿಸಿದ ಅವರ ವರ್ಷಗಳನ್ನು ನೋಡುವಾಗ, ಟ್ರೆಂಟ್ ಸಭೆ ಗುರುತಿಸಿದ ಎರಡನೆಯ ಬಗೆಯ ಸ್ವೀಕಾರ ಬರಿಯ ಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ.

ಹೆಂಗಸರ ವಿಷಯದಲ್ಲಿ ಶಾಸ್ತ್ರ ಮತ್ತು ರೂಢಿಯ ಜಗ್ಗಾಟ ಇನ್ನೂ ಹಳೆಯದು. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಮುಟ್ಟಾದ ಹೆಂಗಸರು ಪ್ರಸಾದದ ಬಳಿ ಬರಬಾರದೆಂದರು. 601ರಲ್ಲಿ ಪೋಪ್ ಗ್ರೆಗೊರಿಯವರು ಇಂಗ್ಲೆಂಡಿನಲ್ಲಿದ್ದ ಆಗಸ್ಟಿನ್ ಎಂಬ ಮಿಷನರಿಯ ಪ್ರಶ್ನೆಗಳಿಗೆ ಬರೆದರೆಂದು ಬೀಡ್ ಎಂಬ ಚರಿತ್ರಕಾರನು ಉಳಿಸಿರುವ ಉತ್ತರ ಇದಕ್ಕೆ ವಿರುದ್ಧ: ಪ್ರಕೃತಿಯಿಂದ ಬಂದದ್ದು ಪಾಪವಲ್ಲ, ಆ ದಿನಗಳಲ್ಲಿ ಆಕೆಯನ್ನು ದೇವಾಲಯದಿಂದಾಗಲಿ ಪ್ರಸಾದದಿಂದಾಗಲಿ ತಡೆಯಬಾರದು. ಆದರೆ ಅದೇ ಉತ್ತರವು, ಆಕೆ ತಾನಾಗಿಯೇ ಭಕ್ತಿಯಿಂದ ದೂರ ಉಳಿದರೆ ಅದು ಮೆಚ್ಚತಕ್ಕದ್ದೆಂದೂ ಸೇರಿಸುತ್ತದೆ. ರೂಢಿ ಒಳಕ್ಕೆ ಬರಲು ಇಷ್ಟು ಸಂದು ಸಾಕು. ‘ಯಾರೂ ತಡೆದಿಲ್ಲ, ನಾವೇ ಹೋಗುವುದಿಲ್ಲ’ ಎಂಬ ಮಾತನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಗುಡಿ, ಮಠ, ಹಟ್ಟಿ ಎನ್ನದೆ ಎಲ್ಲೆಡೆ ಕೇಳಿರುತ್ತಾರೆ. ಆ ‘ನಾವೇ’ ಎಂಬುದರೊಳಗೆ ಎಷ್ಟು ತಲೆಮಾರುಗಳ ತಡೆಯಿದೆ ಎಂಬುದು ಬೇರೆಯೇ ಅಧ್ಯಯನದ ವಸ್ತು.

ಮೈಯ ಶಿಸ್ತನ್ನು ಕಥೋಲಿಕ ಶಾಸ್ತ್ರ ಪೂರ್ತಿ ಬಿಟ್ಟಿದೆಯೆಂದಲ್ಲ. ಪ್ರಸಾದಕ್ಕೆ ಮುನ್ನ ಮಧ್ಯರಾತ್ರಿಯಿಂದ ಹನಿ ನೀರನ್ನೂ ಮುಟ್ಟದ ಉಪವಾಸ ಶತಮಾನಗಳ ಕಾಲ ಕಡ್ಡಾಯವಾಗಿತ್ತು. ಒಪ್ಪೊತ್ತು, ಉಪವಾಸಗಳನ್ನು ಬಲ್ಲ ನಮ್ಮ ನಾಡಿನವರಿಗೆ ಇದು ಪರಕೀಯವೆನಿಸಿರಲಾರದು. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ನೀರು ಕುಡಿಯಲು ಅನುಮತಿಸಿದರು. 1957ರಲ್ಲಿ ಉಪವಾಸ ಮೂರು ಗಂಟೆಗೂ, 1964ರ ನವೆಂಬರಿನಲ್ಲಿ ಒಂದು ಗಂಟೆಗೂ ಇಳಿಯಿತು. ಇದಕ್ಕೂ ಮುನ್ನ ಪೋಪ್ ಹತ್ತನೆಯ ಪಯಸ್ ಎರಡು ದೊಡ್ಡ ಬಾಗಿಲುಗಳನ್ನು ತೆರೆದಿದ್ದರು. ಯೋಗ್ಯತೆಯ ಭಯದಿಂದ ಜನರು ಪ್ರಸಾದವನ್ನೇ ದೂರ ಮಾಡಿದ್ದ ಕಾಲವದು. 1643ರಲ್ಲಿ ಫ್ರಾನ್ಸಿನ ಅಂತ್ವಾನ್ ಅರ್ನೊ ಬರೆದ ಗ್ರಂಥ ಆ ಭಯಕ್ಕೆ ಪಾಂಡಿತ್ಯದ ಬಲ ಕೊಟ್ಟಿತ್ತು. 1905ರ ಡಿಸೆಂಬರ್ 20ರ ಆಜ್ಞೆಯು ವರಪ್ರಸಾದದ ಸ್ಥಿತಿ ಮತ್ತು ಶುದ್ಧ ಉದ್ದೇಶ, ಇವೆರಡಿದ್ದರೆ ದಿನವೂ ಬರಬಹುದೆಂದಿತು. 1910ರ ಆಗಸ್ಟ್ 8ರ ಆಜ್ಞೆಯು ಸುಮಾರು ಏಳು ವರ್ಷದ ಮಗುವಿಗೂ, ಅದು ಈ ರೊಟ್ಟಿಯನ್ನು ಮನೆಯ ರೊಟ್ಟಿಯಿಂದ ಬೇರೆಯೆಂದು ಅರಿಯುವಂತಿದ್ದರೆ, ಪ್ರಸಾದದ ಹಕ್ಕಿದೆಯೆಂದಿತು. ಪ್ರಸಾದವು ಒಳ್ಳೆಯವರಿಗೆ ಕೊಡುವ ಬಹುಮಾನವಲ್ಲ, ಮದ್ದು ಎಂಬ ಭಾವವನ್ನು ಪೋಪ್ ಫ್ರಾನ್ಸಿಸ್ 2013ರಲ್ಲಿ ಮತ್ತೆ ನೆನಪಿಸಿದರು.

ಹಾಗಾದರೆ ಯೋಗ್ಯತೆಯನ್ನು ಅಳೆಯುವವರು ಯಾರು? 1983ರ ಧರ್ಮಸಭಾ ಕಾನೂನಿನಲ್ಲಿ ಎರಡು ವಿಧಿಗಳು ಅಕ್ಕಪಕ್ಕದಲ್ಲಿವೆ. 916ನೆಯದು ವ್ಯಕ್ತಿಗೆ ಹೇಳಿದ್ದು: ಗುರುತರ ಪಾಪದ ಅರಿವುಳ್ಳವನು ನಿವೇದನೆಯಿಲ್ಲದೆ ಬರಬಾರದು. 915ನೆಯದು ಗುರುವಿಗೆ ಹೇಳಿದ್ದು: ಬಹಿಷ್ಕೃತರಿಗೂ, ಎಲ್ಲರೆದುರಿಗೆ ಕಾಣುವ ಗುರುತರ ಪಾಪದಲ್ಲಿ ಹಟದಿಂದ ಮುಂದುವರಿಯುವವರಿಗೂ ಪ್ರಸಾದ ಕೊಡಬಾರದು. ಉಳಿದ ಎಲ್ಲರಿಗೂ, ಕಾನೂನು ತಡೆಯದಿದ್ದರೆ, ಕೊಡಲೇಬೇಕೆಂದು 912ನೆಯ ವಿಧಿ ಹೇಳುತ್ತದೆ. ವಿಚ್ಛೇದನದ ಬಳಿಕ ಮರುಮದುವೆಯಾದವರ ಬಗ್ಗೆ 2016ರಿಂದ, ರಾಜಕಾರಣಿಗಳ ಬಗ್ಗೆ ಅಮೆರಿಕದಲ್ಲಿ 2021ರಲ್ಲಿ ಎದ್ದ ಚರ್ಚೆಗಳೆಲ್ಲ ಈ ವಿಧಿಗಳ ನಡುವೆಯೇ ಸುತ್ತಿವೆ. ತಿಪಟೂರಿನ ಕಡೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಒಣಗಿದ ಕಾಯಿಯ ಒಳಗೆ ಉಂಡೆ ಕೊಬ್ಬರಿ ಚೆನ್ನಾಗಿದೆಯೋ ಕೌಟಾಗಿದೆಯೋ ಹೊರಗಿನ ಚಿಪ್ಪು ಹೇಳುವುದಿಲ್ಲ. ಅಲುಗಿಸಿ ಕೇಳಬೇಕು, ಕೇಳಿದರೂ ಒಡೆಯುವ ತನಕ ಖಾತ್ರಿಯಿಲ್ಲ. ಜಾತಿ ನೋಡಿ ಯೋಗ್ಯತೆ ಹೇಳುವವರು ಚಿಪ್ಪು ನೋಡಿ ಬೆಲೆ ಕಟ್ಟಿದವರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಸುಧಾರಣೆಗೆ ಒಪ್ಪಿಗೆ ಕೊಟ್ಟ ಮೇಲೆ ಕನ್ನಡದಲ್ಲಿ ಬಲಿಪೂಜೆ ಬಂದಿತು. ಲತೀನಿನ ಕಾಲದಲ್ಲಿ ಪ್ರಸಾದಕ್ಕೆ ಮುಂಚಿನ ಒಂದು ಚಿಕ್ಕ ಪ್ರಾರ್ಥನೆಯನ್ನು ಗುರುವು ಮೊದಲು ತನಗಾಗಿ ಮೂರು ಬಾರಿ, ಬಳಿಕ ಜನರ ಕಡೆ ತಿರುಗಿ ಮೂರು ಬಾರಿ ಹೇಳುತ್ತಿದ್ದರು. ಈಗ ಗುರುವೂ ಜನರೂ ಕೂಡಿ ಒಂದೇ ಬಾರಿ ತಮ್ಮ ಮಾತಿನಲ್ಲೇ ಹೇಳುತ್ತಾರೆ. ತಾನು ಯೋಗ್ಯನಲ್ಲವೆಂಬುದೇ ಅದರ ಸಾರ. ಹಾಗೆಂದು ಹೇಳಿದ ಮರುಕ್ಷಣವೇ ಎಲ್ಲರೂ ಎದ್ದು ಪ್ರಸಾದಕ್ಕೆ ಹೋಗುತ್ತಾರೆ. ಆ ಮಾತು ಮತ್ತಾಯನ ಶುಭಸಂದೇಶದ ರೋಮನ್ ಸೈನ್ಯಾಧಿಕಾರಿಯೊಬ್ಬನದು. ಯೆಹೂದ್ಯರ ಪಾಲಿಗೆ ಅವನು ಹೊರಗಿನವನು, ಅವನ ಮನೆ ಹೊಕ್ಕರೆ ಮೈಲಿಗೆ. ಅವನ ಆಳು ಹಾಸಿಗೆ ಹಿಡಿದಿದ್ದ. ಯೇಸು ಬರುತ್ತೇನೆಂದಾಗ ಅವನು ತನ್ನ ಸೂರಿನಡಿಗೆ ಬರುವಷ್ಟು ಯೋಗ್ಯತೆ ತನಗಿಲ್ಲವೆಂದನು. 1704ರಲ್ಲಿ ಪಾಂಡಿಚೇರಿಯ ಆಜ್ಞೆ ಮಿಷನರಿಗಳಿಗೆ ಹೋಗಲೇಬೇಕೆಂದು ವಿಧಿಸಿದ್ದೂ ಅಂಥದೇ ಸೂರಿನಡಿಗೆ.